ವಾಲಗದ ಮನೆಯಿಂದ ಜಾಝ್ ವೇದಿಕೆಗೆ: ಕದ್ರಿ ಗೋಪಾಲನಾಥ್ ಮತ್ತು 'ಕಿನ್ಸ್‌ಮೆನ್'

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯ ಮದುವೆ ಮನೆಗಳಲ್ಲಿ ವಾಲಗದವರ ನಡುವೆ ಬಾಗಿದ ಕೊರಳಿನ, ಹೊಳೆಯುವ ಹಿತ್ತಾಳೆಯ ವಾದ್ಯವೊಂದು ಕಾಣಿಸಿಕೊಳ್ಳುವುದು ಈಗ ಅಪರೂಪವೇನಲ್ಲ. ಡೋಲಿನವನ ಪಕ್ಕದಲ್ಲಿ, ಹಿಂದೆ ನಾಗಸ್ವರಕ್ಕೆ ಮೀಸಲಾಗಿದ್ದ ಜಾಗದಲ್ಲಿಯೇ ಅದು ಕುಳಿತಿರುತ್ತದೆ. ಧಾರೆಯ ಹೊತ್ತಿಗೆ ಗಟ್ಟಿಮೇಳಕ್ಕೆ ಅದೂ ದನಿಗೂಡಿಸುತ್ತದೆ. ಹಿರಿಯರಾರೂ ಹುಬ್ಬೇರಿಸುವುದಿಲ್ಲ. ಆದರೆ ಈ ವಾದ್ಯ ಹುಟ್ಟಿದ್ದು ಮಂಗಳಕಾರ್ಯಕ್ಕಲ್ಲ, ದೇವರ ಉತ್ಸವಕ್ಕಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಹಕ್ಕುಸ್ವಾಮ್ಯ ಪಡೆದ. ಬಯಲಿನಲ್ಲಿ ಸಾಗುವ ಸೇನಾ ವಾದ್ಯವೃಂದಕ್ಕೆ ದೊಡ್ಡ ದನಿಯ ಊದುವಾದ್ಯವೊಂದು ಬೇಕಾಗಿತ್ತು, ಆತ ಒದಗಿಸಿಕೊಟ್ಟ. ಅಲ್ಲಿಂದ ಅದು ಅಮೆರಿಕಕ್ಕೆ ಹೋಗಿ ಕಪ್ಪು ಜನರ ಜಾಝ್ ಸಂಗೀತದ ಉಸಿರಾಯಿತು. ನಮ್ಮ ಹಸೆಮಣೆಯ ಮುಂದಕ್ಕೆ ಅದು ಬಂದದ್ದು ಹೇಗೆ ಎಂದು ಹುಡುಕಿದರೆ ದಾರಿಯೆಲ್ಲ ಒಬ್ಬ ಕನ್ನಡಿಗನ ಬದುಕಿನ ಮೂಲಕ ಹಾದುಹೋಗುತ್ತದೆ. ಅವರು ಕದ್ರಿ ಗೋಪಾಲನಾಥ್.

ಗೋಪಾಲನಾಥ್ ಅವರ ಕೀರ್ತಿಯನ್ನು ಹೇಳುವವರು ಸಾಮಾನ್ಯವಾಗಿ ಪದ್ಮಶ್ರೀಯನ್ನೂ ತಮಿಳಿನ 'ಡ್ಯುಯೆಟ್' ಚಿತ್ರವನ್ನೂ ಹೆಸರಿಸಿ ಮುಗಿಸುತ್ತಾರೆ. ಆದರೆ ಅವರ ಸಾಧನೆಯ ನಿಜವಾದ ಒರೆಗಲ್ಲು 2008ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಒಂದು ಜಾಝ್ ಆಲ್ಬಂ. ಅದರ ಹೆಸರು 'ಕಿನ್ಸ್‌ಮೆನ್', ಎಂದರೆ ಬಂಧುಗಳು. ಅದರಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಹಿಡಿದವರು ಇಬ್ಬರು. ಒಬ್ಬರು ದಕ್ಷಿಣ ಕನ್ನಡದ ಈ ವಿದ್ವಾಂಸರು. ಮತ್ತೊಬ್ಬರು ಕನ್ನಡನಾಡಿನ ಮೂಲದ ತಂದೆತಾಯಿಗಳ ಮಗನಾಗಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ. ಒಂದೇ ವಾದ್ಯ, ಒಂದೇ ನಾಡಿನ ಬೇರು, ಆದರೂ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಬಾರದು. ಈ ವಿಚಿತ್ರ ನೆಂಟಸ್ತಿಕೆಯನ್ನು ಅರಿಯಬೇಕಾದರೆ ಮೊದಲು ಗೋಪಾಲನಾಥರ ಬದುಕಿನ ಹಾದಿಯನ್ನು ಕಾಣಬೇಕು.

ಅವರು ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು, ತಾಯಿ ಗಂಗಮ್ಮ. ಮನೆಯಲ್ಲಿ ಸಂಗೀತ ಎಂದರೆ ಜೀವನೋಪಾಯವೂ ಹೌದು, ದೇವರ ಸೇವೆಯೂ ಹೌದು. ಬಾಲಕನ ಮೊದಲ ಪಾಠ ತಂದೆಯ ನಾಗಸ್ವರದಲ್ಲಿಯೇ ಆಯಿತು. ಮುಂದೆ ಹೆಸರಿನ ಹಿಂದೆ ಅಂಟಿಕೊಂಡ ಕದ್ರಿ, ಮಂಗಳೂರಿನ ಮಂಜುನಾಥನ ಕ್ಷೇತ್ರ, ನಾಥಪಂಥದ ಜೋಗಿಗಳ ಹಳೆಯ ನೆಲೆ. ನಮ್ಮ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯೂ ಅದೇ ನಾಥ ಪರಂಪರೆಯದು. ಘಟ್ಟದ ಮೇಲಿನ ಭೈರವನ ಬೆಟ್ಟಕ್ಕೂ ಘಟ್ಟದ ಕೆಳಗಿನ ಕದ್ರಿಗೂ ಇರುವ ಈ ಹಳೆಯ ನಂಟನ್ನು ಬಲ್ಲ ನಮ್ಮ ಓದುಗರಿಗೆ ಆ ಹೆಸರು ಪರಊರಿನದೆನಿಸಲಾರದು.

ತಂದೆಯ ನಾಗಸ್ವರವನ್ನೇ ಹಿಡಿದಿದ್ದರೆ ಗೋಪಾಲನಾಥ್ ಒಬ್ಬ ಒಳ್ಳೆಯ ನಾಗಸ್ವರ ವಿದ್ವಾಂಸರಾಗಿ ಕರಾವಳಿಯ ದೇವಸ್ಥಾನಗಳಲ್ಲಿ ಗೌರವದಿಂದ ಬಾಳುತ್ತಿದ್ದರೇನೋ. ಹಾದಿಯನ್ನು ತಿರುಗಿಸಿದ್ದು ಮೈಸೂರು. ಅಲ್ಲಿಯ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಯುತ್ತಿದ್ದುದನ್ನು ಕೇಳಿ ಅವರು ಮರುಳಾದರು.

ಅರಮನೆಯ ಬ್ಯಾಂಡಿನ ಕಥೆ ನಮ್ಮ ಜಿಲ್ಲೆಯ ಕಥೆಯೂ ಹೌದು. ರಾಜ ಒಡೆಯರು 1610ರಲ್ಲಿ ದಸರೆಯನ್ನು ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಕಾಲಾಂತರದಲ್ಲಿ ಮೈಸೂರಿಗೆ ಹೋದ ಆ ಉತ್ಸವದ ಮೆರವಣಿಗೆಗೆ ನಾಗಸ್ವರದ ಜೊತೆ ಪಾಶ್ಚಾತ್ಯ ಬ್ಯಾಂಡೂ ಸೇರಿತು. ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿಸಿದ, ಕೃಷ್ಣರಾಜಪೇಟೆ ಯಾರ ಹೆಸರನ್ನು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎರಡೂ ಬಗೆಯ ವಾದ್ಯವೃಂದಗಳು ಅರಮನೆಯ ಪೋಷಣೆಯಲ್ಲಿ ಬೆಳೆದವು. ಆಟ್ಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರ ಬ್ಯಾಂಡಿಗೆ ತರಬೇತಿ ಕೊಟ್ಟ. ನಾಲ್ವಡಿಯವರೇ ಎಂಟು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ವೀಣೆ, ಪಿಟೀಲು, ನಾಗಸ್ವರಗಳ ಸಾಲಿನಲ್ಲಿ ಸ್ಯಾಕ್ಸೊಫೋನೂ ಇತ್ತು! ರಾಜರ ಬೆರಳು ಆಡಿದ ಈ ವಾದ್ಯ ಅರಮನೆಯ ಅಂಗಳದಲ್ಲಿ ಪರಕೀಯವಾಗಿರಲಿಲ್ಲ. ಆದರೂ ಅದು ಬ್ಯಾಂಡಿನ ವಾದ್ಯ, ಮೆರವಣಿಗೆಯ ವಾದ್ಯ. ಸಭಾಗಾನದಲ್ಲಿ ಎರಡು ಗಂಟೆ ಕುಳಿತು ರಾಗವನ್ನು ಬಿಡಿಸಿ ಹೇಳುವ ಯೋಗ್ಯತೆ ಅದಕ್ಕಿದೆಯೆಂದು ಯಾರೂ ಭಾವಿಸಿರಲಿಲ್ಲ. ಗೋಪಾಲನಾಥರ ಕಿವಿಗೆ ಮಾತ್ರ ಅದರಲ್ಲಿ ತಂದೆಯ ನಾಗಸ್ವರದ ಗಾಂಭೀರ್ಯ ಕೇಳಿಸಿರಬೇಕು.

ಕೇಳಿಸಿದ್ದನ್ನು ನುಡಿಸುವುದು ಬೇರೆ ಮಾತು. ಇಲ್ಲಿ ವಾದ್ಯದ ಮೈಕಟ್ಟನ್ನು ಸ್ವಲ್ಪ ವಿವರಿಸಬೇಕು. ಅದನ್ನು ತಿಳಿಯದೆ ಅವರು ಪಟ್ಟ ಪಾಡು ಅರ್ಥವಾಗುವುದಿಲ್ಲ. ನಾಗಸ್ವರದ ನಳಿಕೆಯ ಮೇಲೆ ರಂಧ್ರಗಳಿರುತ್ತವೆ, ಅವನ್ನು ಮುಚ್ಚುವುದು ಬರಿಯ ಬೆರಳು. ಬೆರಳನ್ನು ಪೂರ್ತಿ ಎತ್ತದೆ ಕಾಲುಭಾಗ, ಅರೆಭಾಗ ಸರಿಸಿದರೆ ಸ್ವರ ಜಾರುತ್ತದೆ, ತೂಗುತ್ತದೆ, ನಡುಗುತ್ತದೆ. ಗಮಕ ಎಂದು ನಾವು ಕರೆಯುವುದು ಇದನ್ನೇ. ಕರ್ನಾಟಕ ಸಂಗೀತದಲ್ಲಿ ಗಮಕ ಅಲಂಕಾರವಲ್ಲ, ರಾಗದ ಪ್ರಾಣ. ತೋಡಿಯ ಗಾಂಧಾರವನ್ನು ಅಲುಗಿಸದೆ ನಿಲ್ಲಿಸಿದರೆ ತೋಡಿಯೇ ಇಲ್ಲ. ಸ್ಯಾಕ್ಸೊಫೋನಿನಲ್ಲಾದರೋ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳು, ಸನ್ನೆಗೋಲುಗಳು, ಮುಚ್ಚಳಗಳು. ಬೆರಳು ಒತ್ತುವುದು ಕೀಲಿಯನ್ನು, ರಂಧ್ರವನ್ನಲ್ಲ. ಕೀಲಿ ಮುಚ್ಚುತ್ತದೆ ಇಲ್ಲವೆ ತೆರೆಯುತ್ತದೆ. ಒಂದೊಂದು ಸ್ವರವೂ ಮೆಟ್ಟಿಲಿನಂತೆ ಬೇರೆ ಬೇರೆಯಾಗಿ ನಿಲ್ಲಬೇಕು ಎಂಬುದೇ ಅದನ್ನು ಮಾಡಿದವನ ಉದ್ದೇಶ. ಹಾರ್ಮೋನಿಯಂ ಎದುರಿಸಿದ ಆಕ್ಷೇಪಣೆಯೇ ಇದಕ್ಕೂ ಸಲ್ಲುತ್ತಿತ್ತು. ಆದರೆ ಹಾರ್ಮೋನಿಯಮ್ಮಿಗೆ ಇಲ್ಲದ ಒಂದು ಅನುಕೂಲ ಸ್ಯಾಕ್ಸೊಫೋನಿಗೆ ಇತ್ತು. ಅದರ ಬಾಯಿಯಲ್ಲಿ ಬೆತ್ತದ ಒಂಟಿ ರೀಡು ಇದೆ, ಆ ರೀಡು ನುಡಿಸುವವನ ತುಟಿಯ ಹಿಡಿತದಲ್ಲಿದೆ.

ಗೋಪಾಲನಾಥ್ ಆ ಒಂದು ಬಾಗಿಲಿನಿಂದಲೇ ಒಳಹೊಕ್ಕರು. ತುಟಿಯ ಬಿಗಿ, ದವಡೆಯ ಏರಿಳಿತ, ಉಸಿರಿನ ಒತ್ತಡ, ಕೀಲಿಯನ್ನು ಅರ್ಧದಲ್ಲಿ ತಡೆದು ಹಿಡಿಯುವ ಬೆರಳು, ಇವೆಲ್ಲವನ್ನೂ ಕೂಡಿಸಿ ಮೆಟ್ಟಿಲುಗಳನ್ನು ಇಳಿಜಾರಾಗಿ ಮಾರ್ಪಡಿಸಬೇಕಾಗಿತ್ತು. ವಾದ್ಯದಲ್ಲಿಯೂ ತಮಗೆ ಬೇಕಾದ ಸಣ್ಣಪುಟ್ಟ ಬದಲಾವಣೆಗಳನ್ನು ಮಾಡಿಕೊಂಡರು. ಇದನ್ನು ಕಲಿಸುವ ಗುರು ಜಗತ್ತಿನಲ್ಲಿಯೇ ಇರಲಿಲ್ಲ. ಜಾಝ್ ಬಲ್ಲವರಿಗೆ ಗಮಕ ತಿಳಿಯದು, ಗಮಕ ಬಲ್ಲವರಿಗೆ ಈ ವಾದ್ಯ ತಿಳಿಯದು. ಹಿಡಿತ ಸಿಗಲು ಸುಮಾರು ಇಪ್ಪತ್ತು ವರ್ಷಗಳ ಸಾಧನೆ ಬೇಕಾಯಿತು.

ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಶಾಸ್ತ್ರೀಯ ಸಂಗೀತದ ಅಭ್ಯಾಸ ನಡೆಯಿತು. ಗುರುಗಳು ಹಾಡಿ ತೋರಿಸಿದ್ದನ್ನು ಶಿಷ್ಯ ವಾದ್ಯಕ್ಕೆ ಇಳಿಸಿಕೊಳ್ಳಬೇಕು. ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಆಶ್ರಯ ದೊರಕಿತು. ಅವರು ಮೃದಂಗ ವಿದ್ವಾಂಸರು, ಗಾಯಕರು, ಹಿಂದೂಸ್ತಾನಿಯನ್ನೂ ಪಾಶ್ಚಾತ್ಯ ಸಂಗೀತವನ್ನೂ ಕಿವಿದೆರೆದು ಕೇಳಿದವರು. ಈ ವಿಲಕ್ಷಣ ವಾದ್ಯದ ಯುವಕನಲ್ಲಿ ಅಡಗಿದ್ದುದನ್ನು ಅವರು ಗುರುತಿಸಿದರು. ಚೆಂಬೈ ಸ್ಮಾರಕ ಟ್ರಸ್ಟಿನ ವೇದಿಕೆಯಲ್ಲಿ ಮೊದಲ ಕಛೇರಿ ನಡೆಯಿತು. ಅಲ್ಲಿಂದ ಮುಂದೆ ಮದರಾಸೇ ಅವರ ಕಾರ್ಯಕ್ಷೇತ್ರವಾಯಿತು.

ಮದರಾಸಿನ ಸಭೆಗಳು ಹೊಸಬರನ್ನು ಸುಲಭವಾಗಿ ಒಪ್ಪುವ ಸಭೆಗಳಲ್ಲ. ಹೊಸ ವಾದ್ಯವನ್ನಂತೂ ಮೊದಲು ಅನುಮಾನದಿಂದಲೇ ನೋಡುತ್ತವೆ. ಇದು ನ್ಯಾಯವೋ ಅನ್ಯಾಯವೋ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಇಂದು ಕರ್ನಾಟಕ ಸಂಗೀತದ ಜೀವಾಳವೇ ಎನಿಸಿರುವ ಪಿಟೀಲು ಎರಡು ಶತಮಾನಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರ ಕೈಯಲ್ಲಿ ನಮ್ಮದಾದ ಪರದೇಶಿ ವಾದ್ಯ. ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಮೂರು ತಂತಿಗಳನ್ನು ಹೆಚ್ಚಿಗೆ ಸೇರಿಸಿ ಏಳು ತಂತಿಯದಾಗಿ ಮಾಡಿದಾಗಲೂ ಗೊಣಗಿದವರಿದ್ದರು. ಎ.ಕೆ.ಸಿ. ನಟರಾಜನ್ ಕ್ಲಾರಿಯೊನೆಟ್ಟನ್ನು, ಯು. ಶ್ರೀನಿವಾಸ್ ಮ್ಯಾಂಡೊಲಿನ್ನನ್ನು ಕಛೇರಿಯ ವೇದಿಕೆಗೆ ಏರಿಸಿದರು. ಇವರೆಲ್ಲರಿಗೂ ಒಂದೇ ಪ್ರಶ್ನೆ ಎದುರಾಗಿತ್ತು: ರಾಗ ಕೆಡದೆ ಬರುತ್ತದೆಯೋ ಇಲ್ಲವೋ? ಗೋಪಾಲನಾಥರು ಅದಕ್ಕೆ ವಾದದಿಂದ ಉತ್ತರಿಸಲಿಲ್ಲ, ಆಲಾಪನೆಯಿಂದ ಉತ್ತರಿಸಿದರು. ಸಂಪ್ರದಾಯದ ಕಾವಲುಗಾರರಂತಿದ್ದ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರೇ ಮೆಚ್ಚಿದ ಮೇಲೆ ಬಾಗಿಲುಗಳು ತೆರೆದುಕೊಂಡವು. ಕಂಚಿ ಕಾಮಕೋಟಿ ಪೀಠವೂ ಶೃಂಗೇರಿಯ ಶಾರದಾ ಪೀಠವೂ ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಗೌರವಿಸಿದವು. ಸೇನಾ ಬ್ಯಾಂಡಿಗೆಂದು ಹುಟ್ಟಿದ ವಾದ್ಯಕ್ಕೆ ಮಠದ ಮರ್ಯಾದೆ ಸಂದಿತು.

ಜಾಝ್ ಲೋಕ ಅವರನ್ನು ಕಂಡದ್ದು 1980ರಲ್ಲಿ, ಮುಂಬಯಿಯ ಜಾಝ್ ಉತ್ಸವದಲ್ಲಿ. ಅಲ್ಲಿಗೆ ಬಂದಿದ್ದ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಸಾಮಾನ್ಯರಲ್ಲ. ಚಾರ್ಲ್ಸ್ ಮಿಂಗಸ್‌ನ ತಂಡದಲ್ಲಿ ಪಳಗಿದ ಆಲ್ಟೊ ಸ್ಯಾಕ್ಸೊಫೋನ್ ವಾದಕರು, ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದಿನ ಜೊತೆ ಧ್ವನಿಮುದ್ರಣ ಮಾಡಿದವರು. ತಮ್ಮದೇ ವಾದ್ಯ ಇನ್ನೊಬ್ಬನ ಕೈಯಲ್ಲಿ ತಾವು ಕನಸಿನಲ್ಲಿಯೂ ಕೇಳದ ಭಾಷೆಯನ್ನು ಆಡುತ್ತಿರುವುದನ್ನು ಅವರು ಅಲ್ಲಿ ಕೇಳಿದರು. ಜೊತೆಯಲ್ಲಿ ನುಡಿಸುವ ಆಸೆಯನ್ನು ಮುಂದಿಟ್ಟವರು ಗೋಪಾಲನಾಥರಲ್ಲ, ಹ್ಯಾಂಡಿ. ಇಬ್ಬರೂ ಕೂಡಿ ನುಡಿಸಿದ್ದನ್ನು ಸಭಿಕರು ಮೆಚ್ಚಿಕೊಂಡರು. ಪ್ರಾಗ್, ಬರ್ಲಿನ್, ಪ್ಯಾರಿಸ್, ಮೆಕ್ಸಿಕೊ ಹೀಗೆ ಉತ್ಸವದಿಂದ ಉತ್ಸವಕ್ಕೆ ಪ್ರಯಾಣ ಮೊದಲಾಯಿತು.

1994 ಅವರ ಬದುಕಿನ ಮರೆಯಲಾಗದ ವರ್ಷ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ನಡೆಸುವ ಪ್ರಾಮ್ಸ್ ಸಂಗೀತೋತ್ಸವಕ್ಕೆ ಕರೆ ಬಂದಿತು. ಆ ವೇದಿಕೆಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರರೆಂಬ ಹೆಸರು ಅವರದಾಯಿತು. ಅದೇ ವರ್ಷ ಕೆ. ಬಾಲಚಂದರ್ ನಿರ್ದೇಶನದ 'ಡ್ಯುಯೆಟ್' ತೆರೆಕಂಡಿತು. ಸಂಗೀತ ಎ.ಆರ್. ರೆಹಮಾನರದು, ನಾಯಕ ಸ್ಯಾಕ್ಸೊಫೋನ್ ವಾದಕ, ಆ ವಾದನಕ್ಕೆ ಉಸಿರು ಗೋಪಾಲನಾಥರದು. ಕಛೇರಿಗೆ ಕಾಲಿಡದ ಲಕ್ಷಾಂತರ ಜನ ಕಲ್ಯಾಣವಸಂತ ರಾಗವನ್ನು ಹೆಸರು ತಿಳಿಯದೆಯೇ ಗುನುಗಿದರು. ಕ್ಯಾಸೆಟ್ಟುಗಳು ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ನುಡಿದವು. ವಾಲಗದ ತಂಡಗಳು ಸ್ಯಾಕ್ಸೊಫೋನನ್ನು ಕೊಳ್ಳುವ ಧೈರ್ಯ ಮಾಡಿದ್ದರಲ್ಲಿ ಈ ಜನಪ್ರಿಯತೆಯ ಪಾಲು ದೊಡ್ಡದು ಎಂಬುದು ಈ ಲೇಖಕನ ಅಭಿಪ್ರಾಯ.

ಇನ್ನು ಆಲ್ಬಮ್ಮಿನ ಮಾತಿಗೆ ಬರೋಣ. ಜಾಝಿನಲ್ಲಿ ಇಬ್ಬರು ಸ್ಯಾಕ್ಸೊಫೋನ್ ವಾದಕರನ್ನು ಎದುರುಬದುರು ನಿಲ್ಲಿಸುವುದು ಹಳೆಯ ಪದ್ಧತಿ. ನಮ್ಮಲ್ಲಿ ಜುಗಲ್‌ಬಂದಿ ಇದ್ದಂತೆ ಅಲ್ಲಿ ಅದೊಂದು ಬಗೆಯ ಕಾಳಗ. ಸಾನಿ ರೋಲಿನ್ಸ್ ಮತ್ತು ಜಾನ್ ಕೋಲ್ಟ್ರೇನ್ ಜೊತೆಯಾಗಿ ನುಡಿಸಿದ 1956ರ 'ಟೆನರ್ ಮ್ಯಾಡ್ನೆಸ್' ಇಂದಿಗೂ ರಸಿಕರ ಬಾಯಲ್ಲಿದೆ. ಮೈಲ್ಸ್ ಡೇವಿಸ್‌ನ 1959ರ 'ಕೈಂಡ್ ಆಫ್ ಬ್ಲೂ'ವಿನಲ್ಲಿ ಕ್ಯಾನನ್‌ಬಾಲ್ ಆಡರ್ಲಿಯ ಆಲ್ಟೊ, ಕೋಲ್ಟ್ರೇನ್‌ನ ಟೆನರ್ ಒಂದರ ಪಕ್ಕ ಒಂದು ನಿಂತು ಎಷ್ಟು ಭಿನ್ನವಾಗಿ ಕೇಳುತ್ತವೆ! ಆದರೆ ಆ ಜೋಡಿಗಳೆಲ್ಲ ಒಂದೇ ಪಾಠಶಾಲೆಯ ಇಬ್ಬರು ವಿದ್ಯಾರ್ಥಿಗಳಂತೆ, ವ್ಯಾಕರಣ ಒಂದೇ. 'ಕಿನ್ಸ್‌ಮೆನ್'ನಲ್ಲಿ ಹಾಗಲ್ಲ.

ರುದ್ರೇಶ್ ಮಹಾಂತಪ್ಪ 1971ರಲ್ಲಿ ಇಟಲಿಯ ಟ್ರಿಯೆಸ್ಟಿನಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರಿನಲ್ಲಿ ಬೆಳೆದವರು. ತಂದೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ. ಹುಡುಗನ ಆರಾಧ್ಯದೈವ ಚಾರ್ಲಿ ಪಾರ್ಕರ್. ಹೆಸರು ರುದ್ರೇಶ್ ಎಂದಾದ ಮಾತ್ರಕ್ಕೆ ಭಾರತೀಯ ಸಂಗೀತ ಬರುತ್ತದೆಯೆಂದು ಸುತ್ತಲಿನವರು ನಂಬಿದ್ದರು. ನಿಜವಾಗಿ ಅವರಿಗೆ ಬರುತ್ತಿದ್ದುದು ಜಾಝ್ ಮಾತ್ರ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಒಂದು ಸಿಡಿಯನ್ನು ಕೈಗಿಟ್ಟರು. ಅದರ ಹೆಸರು 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್', ವಾದಕರು ಕದ್ರಿ ಗೋಪಾಲನಾಥ್. ನಗಿಸಲೆಂದು ಕೊಟ್ಟ ಉಡುಗೊರೆ ತಮ್ಮನ ನಿದ್ದೆ ಕೆಡಿಸಿತು. ತಾನು ಹಿಡಿದಿರುವ ವಾದ್ಯ ಹೀಗೂ ಮಾತನಾಡಬಲ್ಲುದೆಂದು ತಿಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ತನ್ನ ಬೇರಿನ ಪ್ರಶ್ನೆ ಅವರನ್ನು ಆಗಲೇ ಕಾಡುತ್ತಿತ್ತು. 2004ರಲ್ಲಿ ಬಂದ 'ಮದರ್ ಟಂಗ್' ಎಂಬ ಆಲ್ಬಮ್ಮಿಗೆ ಅವರು ಆರಿಸಿಕೊಂಡ ಸಾಮಗ್ರಿ ವಿಲಕ್ಷಣವಾದದ್ದು. ನೀವು ಇಂಡಿಯನ್ ಭಾಷೆ ಆಡುತ್ತೀರಾ ಎಂಬ ಅಮೆರಿಕನ್ನರ ಮುಗ್ಧ ಪ್ರಶ್ನೆಗೆ ಭಾರತೀಯ ಮೂಲದವರು ತಮ್ಮ ತಮ್ಮ ಭಾಷೆಗಳಲ್ಲಿ ಕೊಟ್ಟ ಉತ್ತರಗಳನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನೇ ಸ್ವರಗಳಾಗಿ ಬರೆದುಕೊಂಡರು. ಹಾಗೆ ಹುಟ್ಟಿದ ರಚನೆಗಳಲ್ಲಿ ಒಂದರ ಹೆಸರು 'ಕನ್ನಡ'. ಆಡುಗನ್ನಡದ ಲಯ ಜಾಝ್ ಆಗಿ ನ್ಯೂಯಾರ್ಕಿನಲ್ಲಿ ನುಡಿದದ್ದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ.

ಕೊನೆಗೆ ಮಹಾಂತಪ್ಪ ಭಾರತಕ್ಕೆ ಬಂದು ಗೋಪಾಲನಾಥರ ಬಳಿ ಕುಳಿತರು. ನ್ಯೂಯಾರ್ಕಿನ ಏಷ್ಯಾ ಸೊಸೈಟಿಯ ಪ್ರೋತ್ಸಾಹದಿಂದ ಇಬ್ಬರೂ ಸೇರಿ ನುಡಿಸುವ ಯೋಜನೆ ರೂಪುಗೊಂಡಿತು. ಅದಕ್ಕಾಗಿ ಕಟ್ಟಿದ ತಂಡಕ್ಕೆ ದಕ್ಷಿಣ ಎಂದು ಹೆಸರಿಟ್ಟರು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ. ಗೋಪಾಲನಾಥರ ಕಛೇರಿಗಳಲ್ಲಿ ವರ್ಷಗಟ್ಟಲೆ ಜೊತೆಯಾಗಿದ್ದ ಹಿರಿಯ ವಿದುಷಿ ಅವರು, ಸ್ಯಾಕ್ಸೊಫೋನಿನ ಒಂದೊಂದು ತಿರುವನ್ನೂ ಬಲ್ಲವರು. ಮೃದಂಗದಲ್ಲಿ ಅಮೆರಿಕದಲ್ಲಿ ನೆಲೆಸಿದ ಪೂವಲೂರ್ ಶ್ರೀಜಿ. ಗಿಟಾರಿಗೆ ಕರಾಚಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರೆಝ್ ಅಬ್ಬಾಸಿ, ಬಾಸಿಗೆ ಕಾರ್ಲೊ ಡಿ ರೋಸಾ, ಡ್ರಮ್ಮಿಗೆ ರಾಯಲ್ ಹಾರ್ಟಿಗನ್. ಆಲ್ಬಮ್ಮನ್ನು ಪೈ ರೆಕಾರ್ಡಿಂಗ್ಸ್ ಸಂಸ್ಥೆ 2008ರಲ್ಲಿ ಹೊರತಂದಿತು.

ಇಂಥ ಕೂಟಗಳು ಬಹುಮಟ್ಟಿಗೆ ಸೋಲುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಫ್ಯೂಷನ್ ಎಂಬ ಹೆಸರಿನಲ್ಲಿ ನಾವು ಕೇಳಿರುವುದರಲ್ಲಿ ಅರ್ಧಕ್ಕರ್ಧ ಹೀಗೆಯೇ: ಒಬ್ಬರು ಸ್ವಲ್ಪ ಹೊತ್ತು ಹಂಸಧ್ವನಿ ನುಡಿಸುತ್ತಾರೆ, ಮತ್ತೊಬ್ಬರು ಸ್ವಲ್ಪ ಹೊತ್ತು ಡ್ರಮ್ ಬಡಿಯುತ್ತಾರೆ, ಕೊನೆಯಲ್ಲಿ ಎಲ್ಲರೂ ಸೇರಿ ವೇಗ ಹೆಚ್ಚಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಎರಡು ಸಂಗೀತಗಳ ನಡುವಿನ ತೊಡಕು ನಿಜವಾದದ್ದು. ಜಾಝ್ ನಿಂತಿರುವುದು ಕ್ಷಣಕ್ಷಣಕ್ಕೂ ಬದಲಾಗುವ ಸ್ವರಮೇಳಗಳ ಮೇಲೆ. ನೆಲವೇ ಚಲಿಸುತ್ತಿರುತ್ತದೆ, ವಾದಕ ಅದರ ಮೇಲೆ ಓಡುತ್ತಾನೆ. ನಮ್ಮ ಸಂಗೀತದಲ್ಲಿ ಷಡ್ಜ ಪಂಚಮಗಳ ಶ್ರುತಿ ಅಲುಗುವುದೇ ಇಲ್ಲ. ಆ ಸ್ಥಿರವಾದ ನೆಲದ ಮೇಲೆ ರಾಗ ಚಲಿಸುತ್ತದೆ. ಸ್ವರಮೇಳ ಬದಲಾದರೆ ರಾಗ ಕೆಡುತ್ತದೆ, ಬದಲಾಗದಿದ್ದರೆ ಜಾಝ್ ಸೊರಗುತ್ತದೆ. ಮೇಲಾಗಿ ಒಬ್ಬರದು ಹಾಳೆಯ ಮೇಲಿನ ಬರಹ ನೋಡಿ ನುಡಿಸುವ ಶಿಕ್ಷಣ, ಇನ್ನೊಬ್ಬರದು ಗುರುಮುಖದಿಂದ ಕಿವಿಗೆ ಇಳಿದ ವಿದ್ಯೆ.

'ಕಿನ್ಸ್‌ಮೆನ್' ಈ ತೊಡಕನ್ನು ದಾಟಿದ್ದು ಹೇಗೆ? ಇಬ್ಬರಲ್ಲಿ ಯಾರೂ ಇನ್ನೊಬ್ಬರಂತೆ ನಟಿಸಲಿಲ್ಲ ಎಂಬುದೇ ಉತ್ತರ. ಗೋಪಾಲನಾಥ್ ಜಾಝ್ ವಾದಕರಾಗಲು ಹೊರಡಲಿಲ್ಲ. ಮಹಾಂತಪ್ಪ ಕರ್ನಾಟಕ ಸಂಗೀತದ ವೇಷ ತೊಡಲಿಲ್ಲ. ರಚನೆಗಳನ್ನು ಕಟ್ಟುವಾಗ ಮಹಾಂತಪ್ಪ ಸ್ವರಮೇಳಗಳ ಓಟವನ್ನು ತಗ್ಗಿಸಿ ರಾಗಕ್ಕೆ ಕಾಲೂರುವ ಜಾಗ ಬಿಟ್ಟರು, ಲಯದಲ್ಲಿ ಮಾತ್ರ ರಿಯಾಯಿತಿ ಕೊಡಲಿಲ್ಲ. ಮೃದಂಗ ಮತ್ತು ಡ್ರಮ್ ಒಂದೇ ಲೆಕ್ಕಾಚಾರದ ಎರಡು ಬದಿಗಳಂತೆ ಹೆಣೆದುಕೊಳ್ಳುತ್ತವೆ. ದೊಡ್ಡ ರಚನೆಗಳ ನಡುನಡುವೆ ಗಿಟಾರು, ಪಿಟೀಲುಗಳಿಗೆ ಕಿರು ಆಲಾಪಗಳನ್ನು ಬಿಟ್ಟಿದ್ದಾರೆ. ಕಛೇರಿಯಲ್ಲಿ ಕೃತಿಗೆ ಮುನ್ನ ಆಲಾಪನೆ ಕೇಳಿ ಅಭ್ಯಾಸವಿರುವ ನಮ್ಮ ಕಿವಿಗೆ ಈ ಏರ್ಪಾಡು ಮನೆಯದೇ ಎನಿಸುತ್ತದೆ.

'ಗಣೇಶ' ಎಂಬ ರಚನೆ ಆರಂಭದಲ್ಲಿಯೇ ಬರುತ್ತದೆ, ಕಛೇರಿಯ ಮರ್ಯಾದೆಗೆ ತಕ್ಕಂತೆ. 'ಸ್ನೇಕ್' ಎಂಬುದರ ಚುರುಕು ನಡೆ ಬೇರೆ. ಆದರೆ ಇಡೀ ಆಲ್ಬಮ್ಮಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು 'ಕಲ್ಯಾಣಿ'ಯ ಬಳಿ. ಈ ಆಯ್ಕೆಯಲ್ಲಿಯೇ ಜಾಣ್ಮೆಯಿದೆ. ಪ್ರತಿಮಧ್ಯಮವುಳ್ಳ ಕಲ್ಯಾಣಿಯ ಸ್ವರಗಳನ್ನು ಸಾಲಾಗಿ ಜೋಡಿಸಿದರೆ ಪಾಶ್ಚಾತ್ಯರು ಲಿಡಿಯನ್ ಎಂದು ಕರೆಯುವ ಸ್ವರಶ್ರೇಣಿಯೇ ಆಗುತ್ತದೆ. ಜಾಝ್ ವಾದಕನಿಗೆ ಅದು ಬಾಲ್ಯದಿಂದ ಗೊತ್ತಿರುವ ಶ್ರೇಣಿ. ಹಾಗಾದರೆ ಲಿಡಿಯನ್ನೂ ಕಲ್ಯಾಣಿಯೂ ಒಂದೆಯೇ? ಗೋಪಾಲನಾಥ್ ನುಡಿಸುವುದನ್ನು ಕೇಳಿದರೆ ಅಲ್ಲವೆಂಬುದು ಗೊತ್ತಾಗುತ್ತದೆ. ಸ್ವರಗಳು ಅವೇ, ಆದರೆ ಅವರ ಗಾಂಧಾರ ನಿಲ್ಲುವುದಿಲ್ಲ, ಮಧ್ಯಮದ ಕಡೆಗೆ ತೂಗಿ ಮರಳುತ್ತದೆ. ನಿಷಾದ ಮೇಲಿನ ಷಡ್ಜವನ್ನು ಸೋಕಿ ಬರುತ್ತದೆ. ಶ್ರೇಣಿ ಎಂಬುದು ಊರಿನ ನಕ್ಷೆಯಾದರೆ ರಾಗವೆಂಬುದು ಆ ಊರಿನಲ್ಲಿ ಹುಟ್ಟಿ ಬೆಳೆದವನ ನಡಿಗೆ. ಒಂದೇ ಲೋಹ, ಒಂದೇ ರೀಡು, ಒಂದೇ ಸ್ವರಗಳು ಇಬ್ಬರ ಬಾಯಲ್ಲಿ ಇಷ್ಟು ಬೇರೆಯಾಗಿ ಕೇಳುವುದನ್ನು ತಿಳಿಯಲು ಈ ಆಲ್ಬಮ್ಮಿಗಿಂತ ಒಳ್ಳೆಯ ಪಾಠವಿಲ್ಲ. ಮಹಾಂತಪ್ಪನವರ ದನಿ ಮೊನಚು, ಬಿರುಸು, ಎಡೆಬಿಡದ ಮಾತುಗಾರನ ದನಿ. ಗೋಪಾಲನಾಥರದು ಉತ್ಸವಮೂರ್ತಿಯ ಮುಂದೆ ಬಯಲಿನಲ್ಲಿ ನಿಂತು ನುಡಿಸುವವನ ತುಂಬುದನಿ. ತನಿಯಪ್ಪನವರ ನಾಗಸ್ವರ ಆ ದನಿಯಿಂದ ಎಂದೂ ದೂರ ಹೋಗಿರಲಿಲ್ಲ.

ಆಲ್ಬಂ ಅಮೆರಿಕದ ವಿಮರ್ಶಕರ ಗಮನ ಸೆಳೆಯಿತು, ಆ ವರ್ಷದ ಉತ್ತಮ ಜಾಝ್ ಮುದ್ರಣಗಳ ಪಟ್ಟಿಗಳಲ್ಲಿ ಸೇರಿತು. ಮಹಾಂತಪ್ಪನವರ ಹೆಸರು ಮೇಲೇರಿತು. ಅವರು 2015ರಲ್ಲಿ ಚಾರ್ಲಿ ಪಾರ್ಕರನ ನೆನಪಿಗೆ 'ಬರ್ಡ್ ಕಾಲ್ಸ್' ಹೊರತಂದರು, ಮರುವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ಹೊಣೆ ಹೊತ್ತರು. ಗೋಪಾಲನಾಥರಿಗೆ ಜಾಝ್ ಸಂಗಡಿಗರು ಇವರೊಬ್ಬರೇ ಅಲ್ಲ. ಅಮೆರಿಕದ ಕೊಳಲುವಾದಕ ಜೇಮ್ಸ್ ನ್ಯೂಟನ್ ಜೊತೆ 'ಸದರ್ನ್ ಬ್ರದರ್ಸ್' ಎಂಬ ಆಲ್ಬಮ್ಮನ್ನೂ ಮಾಡಿದ್ದರು. ಆದರೂ ಕನ್ನಡನಾಡಿನಲ್ಲಿ 'ಕಿನ್ಸ್‌ಮೆನ್' ಸದ್ದು ಮಾಡಲಿಲ್ಲ ಎಂದೇ ಹೇಳಬೇಕು. ತ್ಯಾಗರಾಜರ ಕೃತಿಗಳ ಕ್ಯಾಸೆಟ್ಟುಗಳು ಮನೆಮನೆಗೆ ಬಂದಷ್ಟು ಅದು ಬರಲಿಲ್ಲ. ಬಾರದಿದ್ದುದು ನಮ್ಮ ನಷ್ಟ.

ಈ ಬದುಕಿನಲ್ಲಿ ಕಹಿಯಾದ ಪ್ರಶ್ನೆಯೊಂದಿದೆ. ಅದನ್ನು ಅಭಿಮಾನಿಗಳು ಎತ್ತುವುದಿಲ್ಲ. ನಾಗಸ್ವರದ ಮನೆಯ ಮಗ ನಾಗಸ್ವರವನ್ನು ಬಿಟ್ಟು ಸ್ಯಾಕ್ಸೊಫೋನ್ ಹಿಡಿದರು, ಗೆದ್ದರು. ಗೆದ್ದದ್ದನ್ನು ನೋಡಿ ನೂರಾರು ವಾಲಗದ ಮನೆಗಳು ಅದೇ ಹಾದಿ ಹಿಡಿದವು. ನಾಗಸ್ವರ ಎದೆಯ ಬಲವನ್ನೆಲ್ಲ ಕೇಳುವ ವಾದ್ಯ, ಸುಲಭಕ್ಕೆ ಒಲಿಯದು. ಸ್ಯಾಕ್ಸೊಫೋನಿನಲ್ಲಿ ಸಿನಿಮಾ ಹಾಡಿನ ಸಾಲೊಂದನ್ನು ಹೊರಡಿಸುವುದು ಅಷ್ಟು ಕಷ್ಟವಲ್ಲ, ನೋಡಲೂ ಅಂದ, ಮದುವೆಯವರಿಗೂ ಹೆಮ್ಮೆ. ಮೇಲುಕೋಟೆಯ ವೈರಮುಡಿಯಂಥ ಉತ್ಸವದ ಮುಂದೆ ಮಂಗಳವಾದ್ಯಕ್ಕೆ ಇರುವ ಸ್ಥಾನ ಬೇರೆ, ಕಲ್ಯಾಣ ಮಂಟಪದ ಬೇಡಿಕೆ ಬೇರೆ. ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲದ ಗೋಡೆಯ ಮೇಲೆ ಹೊಯ್ಸಳ ಶಿಲ್ಪಿಗಳು ಕಡೆದಿಟ್ಟ ವಾದ್ಯಗಾರರನ್ನು ನೋಡುತ್ತಾ ನಿಂತರೆ, ಯಾವ ವಾದ್ಯ ಉಳಿಯಿತು, ಯಾವುದು ಕಲ್ಲಿನಲ್ಲಿ ಮಾತ್ರ ಉಳಿಯಿತು ಎಂಬ ಯೋಚನೆ ಬಾರದಿರದು.

ಇದರ ಹೊಣೆಯನ್ನು ಗೋಪಾಲನಾಥರ ಮೇಲೆ ಹೊರಿಸುವುದು ಸರಿಯಲ್ಲ. ಅವರು ಬಿಟ್ಟದ್ದು ನಾಗಸ್ವರದ ನಳಿಕೆಯನ್ನು, ಅದರ ಬಾನಿಯನ್ನಲ್ಲ. ಅನುಕರಿಸಿದವರು ಹೊಳೆಯುವ ಹಿತ್ತಾಳೆಯನ್ನು ಕಂಡರು, ಅದರ ಹಿಂದಿನ ಇಪ್ಪತ್ತು ವರ್ಷಗಳನ್ನು ಕಾಣಲಿಲ್ಲ. ಕಂಡವರೂ ಇದ್ದಾರೆ. ಲಾವಣ್ಯ ಮತ್ತು ಸುಬ್ಬಲಕ್ಷ್ಮಿ ಸೋದರಿಯರಂಥ ಶಿಷ್ಯೆಯರು ಆ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತು ವೇದಿಕೆಗೆ ತಂದರು. ಹೆಣ್ಣುಮಕ್ಕಳು ಊದುವಾದ್ಯ ಹಿಡಿಯುವುದು ಅಪರೂಪವಾಗಿದ್ದ ನಾಡಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಮಗ ಮಣಿಕಾಂತ್ ಕದ್ರಿ ಚಿತ್ರಸಂಗೀತದ ಹಾದಿ ಹಿಡಿದು 2009ರ 'ಸವಾರಿ' ಚಿತ್ರದ ಹಾಡುಗಳಿಂದ ಕನ್ನಡಿಗರಿಗೆ ಪರಿಚಿತರಾದರು.

2004ರಲ್ಲಿ ಭಾರತ ಸರ್ಕಾರ ಗೋಪಾಲನಾಥರಿಗೆ ಪದ್ಮಶ್ರೀ ನೀಡಿತು. ತಮಿಳುನಾಡು ಅದಕ್ಕೂ ಮುನ್ನವೇ ಕಲೈಮಾಮಣಿ ಎಂದು ಗೌರವಿಸಿತ್ತು. ಸ್ಯಾಕ್ಸೊಫೋನ್ ಚಕ್ರವರ್ತಿ ಎಂಬ ಬಿರುದು ಜನರ ಬಾಯಲ್ಲಿ ನೆಲೆಯಾಯಿತು. ರೇಷ್ಮೆಯ ಜುಬ್ಬಾ, ಹಣೆಯ ಮೇಲೆ ಅಗಲವಾದ ಕುಂಕುಮ, ಕೈತುಂಬ ಉಂಗುರ, ಮಡಿಲಲ್ಲಿ ಥಳಥಳಿಸುವ ವಾದ್ಯ, ಇದು ರಸಿಕರ ಕಣ್ಣಿನಲ್ಲಿ ಉಳಿದ ಚಿತ್ರ. ಜಾಝ್ ಉತ್ಸವಗಳಿಗೆ ಹೋದಾಗಲೂ ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇ ನುಡಿಸುತ್ತಿದ್ದರು. ಅಕ್ಕಪಕ್ಕದಲ್ಲಿ ಅಮೆರಿಕನ್ನರು ನಿಂತು ನುಡಿಸುತ್ತಿದ್ದರೂ ಆಸನ ಬದಲಾಗಲಿಲ್ಲ.

ಬದುಕಿನ ಬಹುಭಾಗವನ್ನು ಚೆನ್ನೈನಲ್ಲಿ ಕಳೆದ ಅವರು ಅನಾರೋಗ್ಯದಿಂದ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 69 ವರ್ಷ. ಮೈಸೂರಿನಲ್ಲಿ ಆ ವರ್ಷದ ಜಂಬೂಸವಾರಿ ಮುಗಿದು ಮೂರು ದಿನಗಳಾಗಿದ್ದವು.